ಹೆಲ್ತ್ ಸೈನ್ಸ್ ಡಿಗ್ರಿ ಸಿಗುತ್ತದೆ, ಲೈಸೆನ್ಸ್ ಸಿಗುತ್ತದೆಯೇ?

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವಳು. 2013ರಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದೆ. ಆಮೇಲೆ ಮದುವೆ, ಮಗು ಎಂದು ಓದು ಅಲ್ಲಿಗೇ ನಿಂತಿತು. ಈಗ ಎರಡು ವರ್ಷದಿಂದ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಷಾರ್ಲಟ್‌ನಿಂದ ಒಂದು ಗಂಟೆ ದೂರದ ಸಣ್ಣ ಊರಿನಲ್ಲಿದ್ದೇವೆ. ಯಜಮಾನರದು ಎಚ್-1ಬಿ ಎಂಬ ಕೆಲಸದ ವೀಸಾ, ನನ್ನದು ಅವರ ಅವಲಂಬಿತಳಾಗಿ ಸಿಕ್ಕ ಎಚ್-4. ಅವರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಕಳೆದ ವರ್ಷ ಮಂಜೂರಾಗಿದೆ. ಮನೆಯಿಂದ ಹದಿನೈದು ನಿಮಿಷದ ದಾರಿಯಲ್ಲಿ ಒಂದು ಪುಟ್ಟ ಕಮ್ಯುನಿಟಿ ಕಾಲೇಜಿದೆ. ನರ್ಸಿಂಗ್ ಸೀಟು ಸಿಗುವುದು ಕಷ್ಟ, ಸದ್ಯಕ್ಕೆ ಹೆಲ್ತ್ ಸೈನ್ಸ್ ಎಂಬ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ ಸೇರಿಕೊಳ್ಳಿ ಎಂದು ಅಲ್ಲಿನವರು ಹೇಳಿದರು. ಸೇರಲೇ? ಮುಗಿಸಿದರೆ ಆಸ್ಪತ್ರೆಯಲ್ಲಿ ಕೆಲಸ ಸಿಗುತ್ತದೆಯೇ? ನನ್ನ ಬಿ.ಎಸ್ಸಿ.ಗೆ ಇಲ್ಲಿ ಏನಾದರೂ ಬೆಲೆ ಇದೆಯೇ? ನನಗೀಗ 33 ವರ್ಷ, ಮಗ ಒಂದನೇ ತರಗತಿ.

ಉತ್ತರ: ಕಾಲೇಜಿಗೆ ಸೇರಿ. ಆ ಡಿಗ್ರಿಯನ್ನೇ ಗುರಿ ಮಾಡಿಕೊಂಡು ಮಾತ್ರ ಸೇರಬೇಡಿ.

ಅಮೆರಿಕದ ಆಸ್ಪತ್ರೆಯಲ್ಲಿ ರೋಗಿಗೆ ಔಷಧಿ ಕೊಡುವುದು, ಎಕ್ಸ್‌-ರೇ ತೆಗೆಯುವುದು, ವೆಂಟಿಲೇಟರ್ ನೋಡಿಕೊಳ್ಳುವುದು, ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವುದು, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಪರೀಕ್ಷೆ ಇದೆ. ಆ ಪರೀಕ್ಷೆಗೆ ಕೂರಬೇಕಾದರೆ ಸಾಮಾನ್ಯವಾಗಿ ಅದಕ್ಕೆಂದೇ ಇರುವ, ಮಾನ್ಯತೆ ಪಡೆದ ಕೋರ್ಸನ್ನು ಮುಗಿಸಿರಬೇಕು. ನರ್ಸಿಂಗ್ ಅಸೋಸಿಯೇಟ್ ಡಿಗ್ರಿ ಮಾಡಿದವರು ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಬರೆದು ಆರ್‌ಎನ್, ಅಂದರೆ ನೋಂದಾಯಿತ ನರ್ಸ್, ಆಗುತ್ತಾರೆ. ರೇಡಿಯಾಗ್ರಫಿಯವರು ಎಆರ್‌ಆರ್‌ಟಿ ಪರೀಕ್ಷೆ, ಉಸಿರಾಟ ಚಿಕಿತ್ಸೆಯವರು ಎನ್‌ಬಿಆರ್‌ಸಿ ಪರೀಕ್ಷೆ, ಲ್ಯಾಬ್ ಟೆಕ್ನಿಷಿಯನ್ನರು ಎಎಸ್‌ಸಿಪಿಯ ಎಂಎಲ್‌ಟಿ ಪರೀಕ್ಷೆ ಬರೆಯುತ್ತಾರೆ. ದಂತ ನೈರ್ಮಲ್ಯದ ಡೆಂಟಲ್ ಹೈಜೀನ್, ಫಿಸಿಯೋಥೆರಪಿಯ ಸಹಾಯಕರ ಕೋರ್ಸ್ ಇವಕ್ಕೂ ಅವರವರದೇ ಪರೀಕ್ಷೆಗಳಿವೆ. ಬರಿಯ ಹೆಲ್ತ್ ಸೈನ್ಸ್ ಡಿಗ್ರಿ ಕೈಯಲ್ಲಿ ಹಿಡಿದವರಿಗೆ ಇವುಗಳಲ್ಲಿ ಒಂದಕ್ಕೂ ಪ್ರವೇಶವಿಲ್ಲ. ಅದರ ಒಳಗೆ ನರ್ಸುಗಳ ಸಹಾಯಕರಾದ ನರ್ಸ್ ಏಡ್, ರಕ್ತ ತೆಗೆಯುವ ಫ್ಲೆಬಾಟಮಿಯಂಥ ಸಣ್ಣ ಪ್ರಮಾಣಪತ್ರಗಳು ಸೇರಿರುತ್ತವೆ. ಕೆಲಸ ಸಿಕ್ಕರೆ ಆ ಮಟ್ಟದ್ದು ಸಿಗುತ್ತದೆ. ಆದರೆ ನರ್ಸ್ ಏಡ್ ಆಗಲು ಒಂದು ಸೆಮಿಸ್ಟರ್ ಸಾಕು, ಎರಡು ವರ್ಷ ಕಳೆಯಬೇಕಾಗಿಲ್ಲ.

ಹಾಗಾದರೆ ಇಂಥ ಡಿಗ್ರಿಯನ್ನು ಕಾಲೇಜುಗಳು ಇಟ್ಟಿರುವುದಾದರೂ ಏಕೆ? ನರ್ಸಿಂಗ್ ಸೀಟಿಗೆ ಕಾಯುತ್ತಿರುವ ಅಮೆರಿಕನ್ ವಿದ್ಯಾರ್ಥಿ ಅನಾಟಮಿ, ಮೈಕ್ರೋಬಯಾಲಜಿ ಓದಿಕೊಳ್ಳುತ್ತಾ ಇರಬೇಕು. ಆದರೆ ಆತ ಯಾವುದಾದರೂ ಒಂದು ಡಿಗ್ರಿಗೆ ನೋಂದಾಯಿಸಿಕೊಂಡಿದ್ದರೆ, ಆ ಡಿಗ್ರಿಗೆ ಲೆಕ್ಕವಾಗುವ ವಿಷಯಗಳನ್ನೇ ಓದುತ್ತಿದ್ದರೆ ಮಾತ್ರ ಕೇಂದ್ರ ಸರ್ಕಾರದ ಶಿಕ್ಷಣ ನೆರವು ಸಿಗುತ್ತದೆ. ಆ ನೆರವು ಕೈತಪ್ಪದಿರಲಿ ಎಂದು ಅವನನ್ನು ಹೆಲ್ತ್ ಸೈನ್ಸ್‌ನಲ್ಲಿ ಕೂರಿಸುತ್ತಾರೆ. ಇದು ಮೋಸವಲ್ಲ, ಅವನ ಮಟ್ಟಿಗೆ ಒಳ್ಳೆಯ ಏರ್ಪಾಡೇ. ನಿಮ್ಮ ಕಾಲೇಜಿನವರು ಎಲ್ಲರಿಗೂ ಹೇಳುವುದನ್ನೇ ನಿಮಗೂ ಹೇಳಿದ್ದಾರೆ. ಆದರೆ ಎಚ್-4 ವೀಸಾದವರಿಗೆ ಆ ಸರ್ಕಾರಿ ನೆರವು ಹೇಗೂ ಇಲ್ಲ. ಅದು ನಾಗರಿಕರಿಗೆ, ಗ್ರೀನ್ ಕಾರ್ಡ್‌ನವರಿಗೆ ಮತ್ತು ಇನ್ನು ಕೆಲವೇ ವರ್ಗದವರಿಗೆ ಮೀಸಲು. ಇಲ್ಲದ ನೆರವನ್ನು ಉಳಿಸಿಕೊಳ್ಳಲು ನೀವು ಆ ಡಿಗ್ರಿಯ ಪೂರ್ತಿ ಪಠ್ಯವನ್ನು ಹೊರಬೇಕಾದ ಕಾರಣವೇನೂ ಕಾಣುವುದಿಲ್ಲ. ನಿಮಗೆ ಬೇಕಾದ ನಾಲ್ಕಾರು ವಿಷಯಗಳನ್ನು ಬಿಡಿಬಿಡಿಯಾಗಿ ಓದಬಹುದು. ಎಫ್-1 ವೀಸಾದ ವಿದ್ಯಾರ್ಥಿಗಳಂತೆ ಪೂರ್ಣಾವಧಿ ಓದಲೇಬೇಕೆಂಬ ಕಟ್ಟಳೆಯೂ ಎಚ್-4 ಮೇಲಿಲ್ಲ. ಒಂದು ಸೆಮಿಸ್ಟರ್‌ಗೆ ಒಂದೇ ವಿಷಯ ಓದಿದರೂ ಯಾರೂ ಕೇಳುವುದಿಲ್ಲ. ಡಿಗ್ರಿಗೆ ನೋಂದಾಯಿಸಿಕೊಂಡವರಿಗೆ ವಿಷಯಗಳ ಸೀಟು ಮೊದಲು ಕೊಡುವ ಪದ್ಧತಿ ನಿಮ್ಮ ಕಾಲೇಜಿನಲ್ಲಿದ್ದರೆ ಆಗ ಕಾಗದದ ಮೇಲೆ ಹೆಲ್ತ್ ಸೈನ್ಸ್‌ಗೆ ಹೆಸರು ಕೊಡಿ. ಅದಕ್ಕಿಂತ ಹೆಚ್ಚು ಪ್ರಾಮುಖ್ಯ ಬೇಡ.

ಓದಿಗಿಂತ ಮೊದಲು ತೀರ್ಮಾನವಾಗಬೇಕಾದ ವಿಷಯ ಇನ್ನೊಂದಿದೆ, ನೀವು ಅದನ್ನು ಕೇಳಿಲ್ಲ. ಎಚ್-4 ಮೇಲೆ ಓದಬಹುದು, ದುಡಿಯುವಂತಿಲ್ಲ. ದುಡಿಯಬೇಕಾದರೆ ಇಎಡಿ ಎಂಬ ಪರವಾನಗಿ ಕಾರ್ಡ್ ಬೇಕು. ಗಂಡನ ಅಥವಾ ಹೆಂಡತಿಯ ಐ-140 ಮಂಜೂರಾದವರಿಗೆ 2015ರ ಮೇ ತಿಂಗಳಿಂದ ಈ ಅವಕಾಶವಿದೆ, ನೀವು ಅದಕ್ಕೆ ಅರ್ಹರು. ಕೆಲಸ ಸಿಗುವ ಕಾಲಕ್ಕೆ ನೋಡಿಕೊಂಡರಾಯಿತು ಎಂದು ಕೂರದೆ ಈಗಲೇ ಅರ್ಜಿ ಹಾಕಿ. ಇಎಡಿ ಇದ್ದರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುತ್ತದೆ. ಆಸ್ಪತ್ರೆ ತರಬೇತಿಗೆ ಮೊದಲು ನಡೆಯುವ ಹಿನ್ನೆಲೆ ತಪಾಸಣೆಯಲ್ಲಿ, ಲೈಸೆನ್ಸ್ ಅರ್ಜಿಯಲ್ಲಿ ಆ ಸಂಖ್ಯೆ ಇಲ್ಲದೆ ಒದ್ದಾಡಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

“ಡಿಗ್ರಿ ಆದ ಮೇಲೆ ಆಸ್ಪತ್ರೆಯವರೇ ಎಚ್-1ಬಿ ಮಾಡಿಸುತ್ತಾರಂತೆ” ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕನಿಷ್ಠ ಬ್ಯಾಚುಲರ್ ಡಿಗ್ರಿ ಬೇಡುವ ಹುದ್ದೆಗಳಿಗೆ ಮಾತ್ರ ಎಚ್-1ಬಿ. ಎರಡು ವರ್ಷದ ಡಿಗ್ರಿಯಿಂದ ಸೇರಬಹುದಾದ ಕೆಲಸ ಎಂದಮೇಲೆ ಅದು ಆ ಪಟ್ಟಿಯಿಂದ ಹೊರಗೇ. ಆರ್‌ಎನ್ ಹುದ್ದೆಗಳಲ್ಲಿ ಬಹುಪಾಲು ಇದೇ ಕಾರಣಕ್ಕೆ ಎಚ್-1ಬಿಗೆ ಒಪ್ಪಿಗೆಯಾಗುವುದಿಲ್ಲ. ಹಾಗಾಗಿ ಈ ಓದಿನಿಂದ ಸಂಬಳ ಬರಬೇಕಾದರೆ ನಿಮಗೆ ಉಳಿದಿರುವುದು ಎರಡೇ ದಾರಿ, ಇಎಡಿ ಇಲ್ಲವೇ ಗ್ರೀನ್ ಕಾರ್ಡ್. ಭಾರತೀಯರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದ ಎಂದು ನಿಮ್ಮ ಮನೆಯಲ್ಲೇ ಗೊತ್ತಿರುತ್ತದೆ. ಯಜಮಾನರ ಕೆಲಸ ಹೋದರೆ ನಿಮ್ಮ ಸ್ಥಿತಿಯೂ ಅಲುಗಾಡುತ್ತದೆ ಎಂಬುದನ್ನು ಮರೆಯದೆ ಲೆಕ್ಕ ಹಾಕಿ. ಇದೆಲ್ಲ ಕೇಳಿ ಹಿಂಜರಿಯಬೇಡಿ. ಐ-140 ಮಂಜೂರಾಗದೆ ಕಾಯುತ್ತಿರುವ ಎಷ್ಟೋ ಹೆಣ್ಣುಮಕ್ಕಳಿಗಿಂತ ನೀವು ಒಂದು ಹೆಜ್ಜೆ ಮುಂದಿದ್ದೀರಿ.

ಇನ್ನು ಬಿ.ಎಸ್ಸಿ. ವಿಚಾರ. ಅದಕ್ಕೆ ಬೆಲೆ ಇದೆ, ಆದರೆ ನೀವಂದುಕೊಂಡ ಜಾಗದಲ್ಲಿ ಅಲ್ಲ. ಅಂಕಪಟ್ಟಿಗಳನ್ನು ಡಬ್ಲ್ಯುಇಎಸ್, ಇಸಿಇಯಂಥ ಸಂಸ್ಥೆಗೆ ಕೊಟ್ಟು ವಿಷಯವಾರು ಮೌಲ್ಯಮಾಪನ ಮಾಡಿಸಬೇಕು. ಹಣ ಕಟ್ಟುವ ಮೊದಲು ನಿಮ್ಮ ಕಾಲೇಜು ಯಾವ ಸಂಸ್ಥೆಯ ವರದಿಯನ್ನು ಒಪ್ಪುತ್ತದೆ ಎಂದು ಕೇಳಿಕೊಳ್ಳಿ. ನಮ್ಮ ಮೂರು ವರ್ಷದ ಪದವಿಯನ್ನು ಕೆಲವರು ಇಲ್ಲಿನ ಬ್ಯಾಚುಲರ್ ಡಿಗ್ರಿಗೆ ಸಮ ಎನ್ನುತ್ತಾರೆ, ಕೆಲವರು ಮೂರು ವರ್ಷದ ಓದು ಎಂದಷ್ಟೇ ಬರೆಯುತ್ತಾರೆ. ರಸಾಯನಶಾಸ್ತ್ರಕ್ಕೆ, ಕೆಲವು ಸಾಮಾನ್ಯ ವಿಷಯಗಳಿಗೆ ವಿನಾಯಿತಿ ಸಿಗಬಹುದು. ಪ್ರಾಣಿಶಾಸ್ತ್ರ ಓದಿದ್ದೇನೆ, ಅನಾಟಮಿ ಬಿಡಿ ಎಂದರೆ ಮಾತ್ರ ಬಿಡುವುದಿಲ್ಲ. ಅದು ಬೇರೆ ಪಠ್ಯ. ಮೇಲಾಗಿ ವಿಜ್ಞಾನ ವಿಷಯಗಳು ಐದು ಅಥವಾ ಏಳು ವರ್ಷಕ್ಕಿಂತ ಹಳೆಯದಾಗಿರಬಾರದು ಎಂಬ ನಿಯಮ ಬಹಳ ಕಡೆ ಇದೆ, ನಿಮ್ಮದು 2013ರದು. ಆ ಪದವಿಯ ನಿಜವಾದ ಉಪಯೋಗ ಇನ್ನೊಂದಿದೆ. ಬ್ಯಾಚುಲರ್ ಡಿಗ್ರಿಗೆ ಸಮ ಎಂಬ ವರದಿ ಬಂದರೆ, ಬೇರೆ ವಿಷಯದಲ್ಲಿ ಪದವಿ ಇದ್ದವರಿಗೆಂದೇ ಕೆಲವು ವಿಶ್ವವಿದ್ಯಾಲಯಗಳು ನಡೆಸುವ ಹನ್ನೆರಡರಿಂದ ಹದಿನೆಂಟು ತಿಂಗಳ ತ್ವರಿತ ಬಿಎಸ್‌ಎನ್ (ನರ್ಸಿಂಗ್ ಬ್ಯಾಚುಲರ್ ಡಿಗ್ರಿ) ಕೋರ್ಸಿಗೂ ನೀವು ಅರ್ಜಿ ಹಾಕಬಹುದು. ಖರ್ಚು ಹೆಚ್ಚು, ಓಟ ಬಿರುಸು. ಒಂದನೇ ತರಗತಿಯ ಮಗನನ್ನು ಇಟ್ಟುಕೊಂಡು ಆ ಓಟ ನಿಮಗೆ ಬೇಕೇ ಎನ್ನುವುದು ಬೇರೆ ಮಾತು. ನನ್ನನ್ನು ಕೇಳಿದರೆ ಬೇಡ. ಆದರೆ ದಾರಿ ಇದೆ ಎಂಬುದು ಗೊತ್ತಿರಲಿ, ಅದಕ್ಕೂ ಮೊದಲು ಓದಬೇಕಾದ ವಿಷಯಗಳು ಹೆಚ್ಚುಕಡಿಮೆ ಇವೇ, ಅನಾಟಮಿ, ಮೈಕ್ರೋಬಯಾಲಜಿಯಂಥವು.

ಆ ವಿಷಯಗಳನ್ನು ಸಣ್ಣ ಕಾಲೇಜಿನಲ್ಲಿ ಓದುವುದು ಭಾಗ್ಯ ಎಂದೇ ಹೇಳುತ್ತೇನೆ. ನಾರ್ತ್ ಕೆರೊಲಿನಾದ 58 ಕಮ್ಯುನಿಟಿ ಕಾಲೇಜುಗಳಿಗೂ ವಿಷಯಗಳ ಸಂಖ್ಯೆ ಒಂದೇ. ಬಯಾಲಜಿ 168 ಮತ್ತು 169 ಎಂದರೆ ಅನಾಟಮಿ ಮತ್ತು ಫಿಸಿಯಾಲಜಿಯ ಎರಡು ಭಾಗ, 275 ಎಂದರೆ ಮೈಕ್ರೋಬಯಾಲಜಿ. ಒಂದು ಕಾಲೇಜಿನಲ್ಲಿ ಓದಿದ್ದು ಇನ್ನೊಂದರಲ್ಲಿ ನಡೆಯುತ್ತದೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ನೂರಾರು ಜನರ ಸಭಾಂಗಣದಲ್ಲಿ ಪಾಠ, ಲ್ಯಾಬ್‌ನಲ್ಲಿ ಯಾರೋ ಸಂಶೋಧನಾ ವಿದ್ಯಾರ್ಥಿ. ಇಲ್ಲಿ ಪಾಠ ಮಾಡಿದವರೇ ಲ್ಯಾಬ್‌ನಲ್ಲೂ ಪಕ್ಕದಲ್ಲಿ ನಿಂತಿರುತ್ತಾರೆ. ಹತ್ತಾರು ವರ್ಷದಿಂದ ಓದು ಬಿಟ್ಟಿರುವ ನಿಮ್ಮಂಥವರಿಗೆ ಅದು ದೊಡ್ಡ ಆಸರೆ.

ಅನಾಟಮಿ ಲ್ಯಾಬ್ ಪರೀಕ್ಷೆ ಹೇಗಿರುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯಿಂದ ಬಂದವರು ಎಡವುವುದು ಇಲ್ಲೇ. ಮೇಜುಗಳ ಮೇಲೆ ಮೂಳೆ, ಮಾದರಿ, ಮೈಕ್ರೋಸ್ಕೋಪಿನ ಸ್ಲೈಡ್ ಇಟ್ಟು ಒಂದೊಂದಕ್ಕೂ ಗುಂಡುಪಿನ್ ಚುಚ್ಚಿಯೋ ಬಣ್ಣದ ಚುಕ್ಕೆ ಅಂಟಿಸಿಯೋ ಗುರುತು ಮಾಡಿರುತ್ತಾರೆ. ಪ್ರತಿ ಮೇಜಿಗೆ ಒಂದು ನಿಮಿಷವೋ ಒಂದೂವರೆ ನಿಮಿಷವೋ. ಗಂಟೆ ಹೊಡೆದ ಕೂಡಲೇ ಮುಂದಿನ ಮೇಜಿಗೆ ಸರಿಯಬೇಕು, ಹಿಂದಕ್ಕೆ ಹೋಗುವಂತಿಲ್ಲ. ಕುತ್ತಿಗೆಯ ಪಕ್ಕದ ಸ್ನಾಯುವಿಗೆ ಚುಕ್ಕೆ ಇದ್ದರೆ ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್ ಎಂದು ಒಂದಕ್ಷರವೂ ತಪ್ಪದೆ ಇಂಗ್ಲಿಷಿನಲ್ಲಿ ಬರೆಯಬೇಕು. ಕಾಗುಣಿತ ತಪ್ಪಿದರೆ ಅರ್ಧ ಅಂಕ ಹೋಯಿತು, ಎಡಗಡೆಯ ಮೂಳೆಯನ್ನು ಬಲಗಡೆಯದು ಎಂದರೆ ಪೂರ್ತಿ ಹೋಯಿತು. ಮೊದಲ ಭಾಗದಲ್ಲಿ ಮೂಳೆಗಳೇ 206, ಅವುಗಳ ಮೇಲಿನ ಉಬ್ಬು, ತೂತು, ಗೆರೆಗಳಿಗೆಲ್ಲ ಹೆಸರು. ಪುಸ್ತಕದ ಚಿತ್ರ ನೋಡಿ ಬಾಯಿಪಾಠ ಮಾಡಿದವರು ನಿಜವಾದ ಮೂಳೆ ಕೈಗೆ ಕೊಟ್ಟಾಗ ಕಣ್ಣು ಕಣ್ಣು ಬಿಡುತ್ತಾರೆ. ಲ್ಯಾಬ್ ತೆರೆದಿರುವ ಹೆಚ್ಚುವರಿ ಗಂಟೆಗಳಿಗೆ ಹೋಗಿ ಮಾದರಿಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದವರು ಪಾಸಾಗುತ್ತಾರೆ. ಸಸ್ಯಾಹಾರಿ ಮನೆಯವರಾದರೆ ಇದೂ ತಿಳಿದಿರಲಿ: ಎಷ್ಟೋ ಕಾಲೇಜುಗಳಲ್ಲಿ ಸಂರಕ್ಷಿಸಿಟ್ಟ ಬೆಕ್ಕನ್ನೋ ಹಂದಿಯ ಭ್ರೂಣವನ್ನೋ ಕೊಯ್ಯಿಸುತ್ತಾರೆ. ಮನಸ್ಸು ಒಪ್ಪದಿದ್ದರೆ ಮೊದಲ ವಾರವೇ ಶಿಕ್ಷಕರಿಗೆ ಹೇಳಿ, ಕೊಯ್ಯುವ ದಿನ ಬಾಗಿಲಲ್ಲಿ ನಿಂತು ಹೇಳಬೇಡಿ.

ಸಣ್ಣ ಕಾಲೇಜಿನ ತೊಂದರೆ ಕಾಣಿಸಿಕೊಳ್ಳುವುದು ಈ ಹಂತ ದಾಟಿದ ಮೇಲೆ. ಕಾಲೇಜಿಗೆ ಯಾರು ಬೇಕಾದರೂ ಸೇರಬಹುದು, ನರ್ಸಿಂಗ್ ಅಥವಾ ರೇಡಿಯಾಗ್ರಫಿ ಕೋರ್ಸಿಗೆ ಹಾಗಲ್ಲ. ಹತ್ತಿರದ ಆಸ್ಪತ್ರೆ ಎಷ್ಟು ವಿದ್ಯಾರ್ಥಿಗಳನ್ನು ವಾರ್ಡಿನೊಳಗೆ ಬಿಟ್ಟುಕೊಳ್ಳುತ್ತದೋ ಅಷ್ಟೇ ಸೀಟು. ಹೊಸ ತಂಡ ಹೆಚ್ಚಾಗಿ ವರ್ಷಕ್ಕೊಮ್ಮೆ, ಆಗಸ್ಟ್‌ನಲ್ಲಿ ಶುರುವಾಗುತ್ತದೆ. ನಡುವೆ ಒಂದು ವಿಷಯದಲ್ಲಿ ಫೇಲಾದರೆ ಅದೇ ವಿಷಯ ಮತ್ತೆ ಬರುವವರೆಗೆ, ಅಂದರೆ ಒಂದು ವರ್ಷ, ಮನೆಯಲ್ಲಿ ಕೂರಬೇಕು. ಆಗಲೂ ಸೀಟು ಖಾಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಾಸಿನ ಗೆರೆ ನಮ್ಮ 35 ಅಲ್ಲ. 75, 77, 80ರ ಆಸುಪಾಸಿನಲ್ಲಿರುತ್ತದೆ, ಅರ್ಧ ಅಂಕವನ್ನು ಮೇಲಕ್ಕೆ ಏರಿಸಿ ಕೊಡುವ ದಯೆಯನ್ನು ನಿರೀಕ್ಷಿಸಬೇಡಿ.

ಸೀಟು ಕೊಡುವಾಗ ಅಂಕಗಳ ಲೆಕ್ಕ ಹಾಕುತ್ತಾರೆ. ಅನಾಟಮಿಯಲ್ಲಿ ಎ ಬಂದರೆ ಇಷ್ಟು, ಪ್ರವೇಶ ಪರೀಕ್ಷೆಯಲ್ಲಿ ಇಷ್ಟು, ಹಿಂದಿನ ಪದವಿಗೆ ಇಷ್ಟು. ಕೆಲವೆಡೆ ನಿಮ್ಮ ಬಿ.ಎಸ್ಸಿ. ಇಲ್ಲೂ ಕೈಹಿಡಿಯುತ್ತದೆ. ಪ್ರವೇಶ ಪರೀಕ್ಷೆ ಹೆಚ್ಚಾಗಿ ಎಟಿಐ ಸಂಸ್ಥೆಯ ಟೀಸ್. 209 ನಿಮಿಷದಲ್ಲಿ 170 ಪ್ರಶ್ನೆ, ಓದಿ ಗ್ರಹಿಸುವುದು, ಗಣಿತ, ವಿಜ್ಞಾನ, ಇಂಗ್ಲಿಷ್ ಎಂದು ನಾಲ್ಕು ಭಾಗ. ಗಣಿತ ನಮ್ಮ ಹೈಸ್ಕೂಲು ಮಟ್ಟದ್ದು, ಅದರ ಚಿಂತೆ ಬೇಡ. ಸಮಯ ಸಾಲದೆ ಪೇಚಾಡುವುದು ಓದಿ ಗ್ರಹಿಸುವ ಭಾಗದಲ್ಲಿ. ಈ ರಾಜ್ಯದ ಹಲವು ಕಾಲೇಜುಗಳು ಅರ್ಜಿ ಹಾಕುವ ಮೊದಲೇ ನರ್ಸ್ ಏಡ್ ತರಬೇತಿ ಮುಗಿಸಿರಬೇಕು ಎನ್ನುತ್ತವೆ. ಕಡ್ಡಾಯವಿಲ್ಲದ ಕಡೆಯೂ ನೀವು ಅದನ್ನು ಮಾಡಲೇಬೇಕು ಎಂಬುದು ನನ್ನ ಹಟ. ವೃದ್ಧಾಶ್ರಮದಲ್ಲಿ ಅಪರಿಚಿತ ಗಂಡಸಿಗೆ ಸ್ನಾನ ಮಾಡಿಸಬೇಕು, ಬೆಡ್‌ಪ್ಯಾನ್ ಇಟ್ಟು ತೆಗೆಯಬೇಕು, ಹಲ್ಲಿನ ಸೆಟ್ ತೊಳೆಯಬೇಕು, ಹಾಸಿಗೆಯಲ್ಲಿ ಮಲಗಿದವರನ್ನು ಏಳಿಸದೆಯೇ ಹೊದಿಕೆ ಬದಲಿಸಬೇಕು. ಕೆರೊಲಿನಾದ ಅಜ್ಜಂದಿರ ಎಳೆದಾಡುವ ಇಂಗ್ಲಿಷ್ ನಿಮಗೆ ಅರ್ಥವಾಗಬೇಕು, ನಿಮ್ಮ ಹಾಸನದ ಇಂಗ್ಲಿಷ್ ಅವರಿಗೆ ಅರ್ಥವಾಗಬೇಕು. ಒಂದು ವಾರದಲ್ಲೇ ಇದು ತನ್ನ ಕೆಲಸವೋ ಅಲ್ಲವೋ ಎಂದು ಗೊತ್ತಾಗಿಬಿಡುತ್ತದೆ. ಅಲ್ಲ ಎನಿಸಿದರೆ ನಾಚಿಕೆಪಡಬೇಕಾದ್ದು ಏನೂ ಇಲ್ಲ. ರಸಾಯನಶಾಸ್ತ್ರ, ಜೀವಶಾಸ್ತ್ರ ಇಷ್ಟಪಟ್ಟು ಓದಿದವರಿಗೆ ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಹೇಳಿ ಮಾಡಿಸಿದಂತಿರುತ್ತದೆ. ಅಲ್ಲಿ ರೋಗಿ ಎದುರಿಗಿರುವುದಿಲ್ಲ, ಅವರ ರಕ್ತದ ಮಾದರಿ ಇರುತ್ತದೆ. ನಮ್ಮ ಹೆಣ್ಣುಮಕ್ಕಳು ನರ್ಸಿಂಗ್ ಬಿಟ್ಟರೆ ಬೇರೆ ಏನೂ ಇಲ್ಲ ಎಂಬಂತೆ ಅದಕ್ಕೇ ಮುಗಿಬೀಳುವುದನ್ನು ನೋಡಿದಾಗ ನನಗೆ ಸ್ವಲ್ಪ ಬೇಸರವಾಗುತ್ತದೆ.

ಯಾವ ಕೋರ್ಸಾದರೂ ಸರಿ, ಸೇರುವ ಮೊದಲು ಮಾನ್ಯತೆ ನೋಡಿ. ರೇಡಿಯಾಗ್ರಫಿಗೆ ಜೆಆರ್‌ಸಿಇಆರ್‌ಟಿ, ಲ್ಯಾಬ್‌ಗೆ ಎನ್‌ಎಎಸಿಎಲ್‌ಎಸ್, ಉಸಿರಾಟ ಚಿಕಿತ್ಸೆಗೆ ಕೋಆರ್ಕ್. ನರ್ಸಿಂಗ್‌ಗೆ ರಾಜ್ಯದ ನರ್ಸಿಂಗ್ ಮಂಡಳಿಯ ಒಪ್ಪಿಗೆ ಕಡ್ಡಾಯ, ಎಸಿಇಎನ್ ಮಾನ್ಯತೆಯೂ ಇದ್ದರೆ ಮುಂದಿನ ಓದಿಗೆ ಅನುಕೂಲ. ಕಾಲೇಜಿಗೆ ಮಾನ್ಯತೆ ಇರುವುದು ಬೇರೆ, ಕೋರ್ಸಿಗೆ ಇರುವುದು ಬೇರೆ, ನೀವು ಕೇಳಬೇಕಾದ್ದು ಎರಡನೆಯದನ್ನು. ಮಾನ್ಯತೆ ಪಡೆದ ರೇಡಿಯಾಗ್ರಫಿ ಕೋರ್ಸುಗಳು ಎಷ್ಟು ಜನ ಮೊದಲ ಯತ್ನದಲ್ಲೇ ಪರೀಕ್ಷೆ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಕೋರ್ಸ್ ಮುಗಿಸಿದರು ಎಂಬುದನ್ನು ಬಹಿರಂಗವಾಗಿ ಪ್ರಕಟಿಸಬೇಕು. ಐದು ವರ್ಷದ ಸರಾಸರಿಯಲ್ಲಿ ಮೊದಲೆರಡೂ 75 ಶೇಕಡಕ್ಕಿಂತ ಕೆಳಗಿಳಿಯಬಾರದು. ಎನ್‌ಕ್ಲೆಕ್ಸ್ ಫಲಿತಾಂಶವನ್ನು ನರ್ಸಿಂಗ್ ಮಂಡಳಿ ಕಾಲೇಜುವಾರು ಪ್ರಕಟಿಸುತ್ತದೆ. ಕಾಲೇಜಿನ ಜಾಹೀರಾತು ಓದುವ ಹೊತ್ತಿನಲ್ಲಿ ಇದನ್ನು ಓದಿ. ಹೆದ್ದಾರಿ ಪಕ್ಕದ ಹೋರ್ಡಿಂಗ್‌ನಲ್ಲಿ ಸ್ಟೆತಸ್ಕೋಪ್ ಹಾಕಿಕೊಂಡು ನಗುವ ಹುಡುಗಿಯ ಚಿತ್ರವಿರುವ ಲಾಭಕೋರ ಖಾಸಗಿ ಕಾಲೇಜುಗಳಿಂದ ದೂರವಿರಿ. ಮೆಡಿಕಲ್ ಅಸಿಸ್ಟೆಂಟ್‌ನಂಥ ಕೋರ್ಸುಗಳಿಗೆ ಭಾರಿ ಶುಲ್ಕ ವಸೂಲಿ ಮಾಡಿದ ಕೊರಿಂಥಿಯನ್ ಕಾಲೇಜುಗಳ ಜಾಲ 2015ರಲ್ಲಿ ಮುಚ್ಚಿಹೋಯಿತು. ಅಲ್ಲಿ ಓದಿದ 5,60,000 ಜನರ 580 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡುತ್ತೇವೆಂದು 2022ರಲ್ಲಿ ಅಮೆರಿಕ ಸರ್ಕಾರವೇ ಹೇಳಬೇಕಾಯಿತು.

ಸೀಟು ಸಿಕ್ಕ ಮೇಲೆ ಬರುವ ಲಸಿಕೆ ಪತ್ರದ ತಲೆನೋವನ್ನು ಈಗಲೇ ಮುಗಿಸಿಕೊಳ್ಳಿ. ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್, ಹೆಪಟೈಟಿಸ್-ಬಿ ಇವುಗಳಿಗೆ ದಾಖಲೆ ಕೇಳುತ್ತಾರೆ. ಬಾಲ್ಯದ ಲಸಿಕೆ ಕಾರ್ಡ್ ಹಾಸನದ ಮನೆಯ ಯಾವ ಪೆಟ್ಟಿಗೆಯಲ್ಲಿದೆಯೋ ಯಾರಿಗೆ ಗೊತ್ತು. ರಕ್ತ ಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿ ಇದೆ ಎಂದು ಬಂದರೆ ಅದೇ ಸಾಕು. ಹೆಪಟೈಟಿಸ್-ಬಿ ಹೊಸದಾಗಿ ಹಾಕಿಸಬೇಕಾದರೆ ಮಾಮೂಲಿ ಮೂರು ಡೋಸಿಗೆ ಆರು ತಿಂಗಳು ಬೇಕು, ಜುಲೈನಲ್ಲಿ ನೆನಪಾದರೆ ಆಗಸ್ಟ್ ಕೈಬಿಟ್ಟಂತೆ. ಕ್ಷಯದ ಪರೀಕ್ಷೆಯಲ್ಲಿ ಇನ್ನೂ ಒಂದು ಎಚ್ಚರ ಬೇಕು. ನಿಮ್ಮ ಎಡತೋಳಿನ ಮೇಲೆ ಬಿಸಿಜಿ ಗುರುತು ಇರುತ್ತದಲ್ಲ, ಆ ಲಸಿಕೆಯಿಂದಾಗಿ ಚರ್ಮದ ಪರೀಕ್ಷೆ ಸೋಂಕಿಲ್ಲದಿದ್ದರೂ ಊದಿಕೊಂಡು ಪಾಸಿಟಿವ್ ತೋರಿಸಬಹುದು. ಆಮೇಲೆ ಎಕ್ಸ್‌-ರೇ, ವೈದ್ಯರ ಪತ್ರ ಎಂದು ಅಲೆದಾಟ. ಬಿಸಿಜಿಯಿಂದ ಏರುಪೇರಾಗದ ಐಜಿಆರ್‌ಎ ಎಂಬ ರಕ್ತ ಪರೀಕ್ಷೆಯನ್ನೇ ಮಾಡಿ ಎಂದು ಮೊದಲೇ ಕೇಳಿ.

ನರ್ಸಿಂಗ್ ಓದಿನ ಒಳಗೆ ನಮ್ಮವರಿಗೆ ಕಷ್ಟವಾಗುವುದು ಪ್ರಶ್ನೆಯ ಬಗೆ. ಲೆಕ್ಕ ಸುಲಭ: ವೈದ್ಯರು 0.25 ಮಿಲಿಗ್ರಾಂ ಡಿಜಾಕ್ಸಿನ್ ಬರೆದಿದ್ದಾರೆ, ಮಾತ್ರೆ 0.125ರದು, ಎರಡು ಮಾತ್ರೆ. ಆದರೆ ಔಷಧಿಯ ಲೆಕ್ಕದ ಪರೀಕ್ಷೆಯಲ್ಲಿ 90, ಕೆಲವೆಡೆ 100 ಅಂಕ ಬರಲೇಬೇಕು. ದಶಮಾಂಶ ಚುಕ್ಕೆಯ ಮೊದಲು ಸೊನ್ನೆ ಹಾಕದೆ .5 ಎಂದು ಬರೆದರೆ, ಅಥವಾ ಬೇಡದ ಸೊನ್ನೆ ಸೇರಿಸಿ 5.0 ಎಂದು ಬರೆದರೆ ಉತ್ತರ ಸರಿ ಇದ್ದರೂ ತಪ್ಪು. ಆ ಚುಕ್ಕೆ ಕಣ್ಣಿಗೆ ಬೀಳದಿದ್ದರೆ ರೋಗಿಗೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಇನ್ನೊಂದು ಬಗೆಯ ಪ್ರಶ್ನೆ ಹೀಗಿರುತ್ತದೆ: ನಾಲ್ವರು ರೋಗಿಗಳು. ಒಬ್ಬರಿಗೆ ಶಸ್ತ್ರಚಿಕಿತ್ಸೆಯಾಗಿ ಹತ್ತಕ್ಕೆ ಆರರಷ್ಟು ನೋವು. ಇನ್ನೊಬ್ಬರ ಸಕ್ಕರೆ 180. ಮೂರನೆಯವರು ಮನೆಗೆ ಹೋಗಲು ಕಾಗದಕ್ಕೆ ಕಾಯುತ್ತಾ ಸಿಡಿಮಿಡಿಗೊಂಡಿದ್ದಾರೆ. ನಾಲ್ಕನೆಯವರು ನ್ಯುಮೋನಿಯಾ ಇರುವ ಅಜ್ಜಿ, ಬೆಳಿಗ್ಗೆ ಚೆನ್ನಾಗಿಯೇ ಮಾತಾಡುತ್ತಿದ್ದವರು ಈಗ ತಾವು ಎಲ್ಲಿದ್ದೇವೆಂದೇ ತಿಳಿಯದೆ ತಡವರಿಸುತ್ತಿದ್ದಾರೆ. ಮೊದಲು ಯಾರ ಬಳಿಗೆ ಹೋಗುತ್ತೀರಿ? ಅಜ್ಜಿಯ ಬಳಿಗೆ. ಹೊಸದಾಗಿ ಕಾಣಿಸಿಕೊಂಡ ಗಲಿಬಿಲಿ ಮೆದುಳಿಗೆ ಆಮ್ಲಜನಕ ಸಾಲದಿರುವುದರ ಸೂಚನೆಯಾಗಿರಬಹುದು. ನಾಲ್ಕೂ ಉತ್ತರ ಸರಿ ಎನಿಸುವಲ್ಲಿ ಮೊದಲಿನದನ್ನು ಆರಿಸುವುದು ನಮ್ಮ ಗೈಡ್ ಓದಿ ಪಾಸಾದ ತಲೆಗೆ ಹೊಸದು. ಎನ್‌ಕ್ಲೆಕ್ಸ್ ಪೂರ್ತಿ ಇದೇ. ಕಡಿಮೆ ಎಂದರೆ 85, ಹೆಚ್ಚೆಂದರೆ 150 ಪ್ರಶ್ನೆ, ಐದು ಗಂಟೆ. ನಿಮ್ಮ ಒಂದೊಂದು ಉತ್ತರ ನೋಡಿ ಕಂಪ್ಯೂಟರ್ ಮುಂದಿನ ಪ್ರಶ್ನೆಯ ಮಟ್ಟ ಬದಲಿಸುತ್ತದೆ, ತೀರ್ಮಾನಕ್ಕೆ ಬಂದ ಕೂಡಲೇ ನಿಲ್ಲಿಸುತ್ತದೆ.

ಎರಡು ವರ್ಷದ ನರ್ಸಿಂಗ್ ಎಂದರೆ ಕೀಳು ಎಂದು ಯಾರಾದರೂ ಮೂಗು ಮುರಿದಾರು. ಎರಡನೆಯ ಮಹಾಯುದ್ಧದ ನಂತರ ನರ್ಸುಗಳ ಕೊರತೆ ತೀವ್ರವಾದಾಗ ಮಿಲ್ಡ್ರೆಡ್ ಮೊಂಟಾಗ್ ಎಂಬಾಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ 1951ರಲ್ಲಿ ಮಂಡಿಸಿದ ಪ್ರಬಂಧದಿಂದ ಈ ಕೋರ್ಸ್ ಹುಟ್ಟಿತು. ಮರುವರ್ಷವೇ ಕೆಲವು ಜೂನಿಯರ್ ಕಾಲೇಜುಗಳಲ್ಲಿ ಪ್ರಯೋಗ ಶುರುವಾಯಿತು. ಪದವೀಧರ ನರ್ಸಿಗಿಂತ ಒಂದು ಮೆಟ್ಟಿಲು ಕೆಳಗಿನ ತಂತ್ರಜ್ಞರನ್ನು ತಯಾರಿಸುವುದು ಆಕೆಯ ಉದ್ದೇಶವಾಗಿತ್ತು. ಆದರೆ ಲೈಸೆನ್ಸ್ ಪರೀಕ್ಷೆ ಇಬ್ಬರಿಗೂ ಒಂದೇ ಆಯಿತು, ಇಂದಿಗೂ ಒಂದೇ. ವ್ಯತ್ಯಾಸ ಇರುವುದು ಲೈಸೆನ್ಸಿನಲ್ಲಿ ಅಲ್ಲ, ನೇಮಕಾತಿಯಲ್ಲಿ. ದೊಡ್ಡ ನಗರದ ಆಸ್ಪತ್ರೆಗಳು ಬಿಎಸ್‌ಎನ್ ಇದ್ದವರನ್ನು ಬಯಸುತ್ತವೆ. ನ್ಯೂಯಾರ್ಕ್ ರಾಜ್ಯವಂತೂ ಹೊಸ ಆರ್‌ಎನ್‌ಗಳು ಹತ್ತು ವರ್ಷದೊಳಗೆ ಬಿಎಸ್‌ಎನ್ ಮಾಡಲೇಬೇಕೆಂದು 2017ರಲ್ಲಿ ಕಾನೂನು ಮಾಡಿತು. ನಾರ್ತ್ ಕೆರೊಲಿನಾದಲ್ಲಿ ಅಂಥ ಕಾನೂನಿಲ್ಲ. ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಬಿಎಸ್‌ಎನ್ ಮುಗಿಸಲು ಯುಎನ್‌ಸಿ ಷಾರ್ಲಟ್ ಮೊದಲಾದ ಸರ್ಕಾರಿ ವಿಶ್ವವಿದ್ಯಾಲಯಗಳಿವೆ. ಅಂದಹಾಗೆ 1903ರಲ್ಲಿ ನರ್ಸುಗಳ ನೋಂದಣಿಗೆ ದೇಶದಲ್ಲೇ ಮೊದಲು ಕಾನೂನು ತಂದದ್ದು ನಿಮ್ಮ ಇದೇ ರಾಜ್ಯ.

ದುಡ್ಡಿನ ಮಾತು. ಇಲ್ಲಿನ ಕಮ್ಯುನಿಟಿ ಕಾಲೇಜುಗಳ ಬೋಧನಾ ಶುಲ್ಕ 2024ರಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಕ್ರೆಡಿಟ್‌ಗೆ 76 ಡಾಲರ್, ಹೊರಗಿನವರಿಗೆ 268 ಇತ್ತು. ನರ್ಸಿಂಗ್ ಸುಮಾರು 70 ಕ್ರೆಡಿಟ್ ಎಂದುಕೊಂಡರೆ ಆ ದರದಲ್ಲಿ ಒಬ್ಬರಿಗೆ 5,320 ಡಾಲರ್, ಇನ್ನೊಬ್ಬರಿಗೆ 18,760. ಇಷ್ಟು ಅಂತರಕ್ಕೆ ಕಾರಣ ಒಂದೇ ಒಂದು ಅರ್ಜಿ, ಆರ್‌ಡಿಎಸ್ ಎಂಬ ನಿವಾಸಿ ನಿರ್ಧಾರ ಸೇವೆಯದು. ಹನ್ನೆರಡು ತಿಂಗಳಿಂದ ಇಲ್ಲೇ ನೆಲೆಸಿದ್ದೀರಿ ಎಂದು ತೋರಿಸಬೇಕು. ಎಚ್-4ನವರೂ ಅರ್ಜಿ ಹಾಕಬಹುದು. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ತೆರಿಗೆ ಕಾಗದದಲ್ಲಿ ನಿಮ್ಮ ಹೆಸರೂ ಇರಲಿ. ಎಲ್ಲವೂ ಯಜಮಾನರ ಹೆಸರಿನಲ್ಲೇ ಇರುವ ನಮ್ಮ ಮನೆಗಳ ರೂಢಿ ಇಂಥ ಕಡೆ ಕಾಲಿಗೆ ತೊಡರುತ್ತದೆ. ಪುಸ್ತಕ, ಸಮವಸ್ತ್ರ, ಪರೀಕ್ಷಾ ಶುಲ್ಕ ಬೇರೆ. ಎನ್‌ಕ್ಲೆಕ್ಸ್‌ಗೇ 200 ಡಾಲರ್. ಕಾಲೇಜಿನದೇ ಪ್ರತಿಷ್ಠಾನ ಕೊಡುವ ಸಣ್ಣ ವಿದ್ಯಾರ್ಥಿವೇತನಗಳಲ್ಲಿ ಪೌರತ್ವ ಕೇಳದವೂ ಇರುತ್ತವೆ, ವಿಚಾರಿಸಿ.

ಸಂಬಳಕ್ಕೆ ಬಂದರೆ, ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ ಇಡೀ ದೇಶದ ನಡುಮಟ್ಟದ ವಾರ್ಷಿಕ ಸಂಬಳ ಆರ್‌ಎನ್‌ಗಳಿಗೆ ಸುಮಾರು 86,000 ಡಾಲರ್, ಉಸಿರಾಟ ಚಿಕಿತ್ಸಕರಿಗೆ 78,000, ಮೆಡಿಕಲ್ ಅಸಿಸ್ಟೆಂಟ್‌ಗೆ 42,000, ನರ್ಸ್ ಏಡ್‌ಗೆ 38,000. ನಿಮ್ಮ ರಾಜ್ಯದಲ್ಲಿ, ಅದರಲ್ಲೂ ಸಣ್ಣ ಊರಿನಲ್ಲಿ, ಇದಕ್ಕಿಂತ ಕಡಿಮೆಯೇ. ಹೆಲ್ತ್ ಸೈನ್ಸ್ ಡಿಗ್ರಿ ಒಂದರಿಂದಲೇ ನಿಮಗೆ ಸಿಗುವುದು ಈ ಪಟ್ಟಿಯ ಕೊನೆಯ ಸಾಲುಗಳ ಕೆಲಸ. ಮುಂದೆ ಯಾವತ್ತಾದರೂ ಊರಿಗೆ ಹಿಂದಿರುಗುವ ಯೋಚನೆ ಇದ್ದರೆ ಇನ್ನೊಂದು ಮಾತು: ಇಲ್ಲಿನ ಅಸೋಸಿಯೇಟ್ ಡಿಗ್ರಿಗೆ ಸರಿಸಮವಾದದ್ದು ನಮ್ಮ ವ್ಯವಸ್ಥೆಯಲ್ಲಿಲ್ಲ. ಅಲ್ಲಿ ನರ್ಸಿಂಗ್ ಡಿಪ್ಲೊಮಾವೇ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಹಿಂದಿರುಗುವುದು ಖಚಿತವಾಗಿದ್ದರೆ ಬಿಎಸ್‌ಎನ್‌ವರೆಗೆ ಓದಿಯೇ ಹೋಗಿ.

ವಯಸ್ಸಿನ ಬಗ್ಗೆ ಯೋಚಿಸಲೇಬೇಡಿ. ಕಮ್ಯುನಿಟಿ ಕಾಲೇಜಿನ ನರ್ಸಿಂಗ್ ತರಗತಿಯಲ್ಲಿ 33 ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಮಕ್ಕಳನ್ನು ಕಾಲೇಜಿಗೆ ಕಳಿಸಿ ತಾವೂ ಬಂದು ಕೂರುವವರಿದ್ದಾರೆ. ಯೋಚಿಸಬೇಕಾದ್ದು ಬೆಳಗಿನ ಹೊತ್ತಿನ ಬಗ್ಗೆ. ಆಸ್ಪತ್ರೆ ತರಬೇತಿಯ ದಿನ ಆರೂವರೆ, ಆರೂಮುಕ್ಕಾಲಿಗೆಲ್ಲ ವಾರ್ಡಿನಲ್ಲಿರಬೇಕು, ರಾತ್ರಿ ಪಾಳಿಯವರು ಹಗಲಿನವರಿಗೆ ರೋಗಿಗಳನ್ನು ಒಪ್ಪಿಸುವ ಸಮಯ ಅದು. ಆಸ್ಪತ್ರೆ ಮುಕ್ಕಾಲು ಗಂಟೆ ದೂರವಿದ್ದರೆ ಐದೂವರೆಗೆ ಮನೆ ಬಿಡಬೇಕು. ಮಗನ ಶಾಲಾ ಬಸ್ಸು ಬರುವುದು ಏಳೂವರೆಗೋ ಎಂಟಕ್ಕೋ. ಆ ಎರಡು ಗಂಟೆ ಯಾರು ನೋಡಿಕೊಳ್ಳುತ್ತಾರೆ, ಯಜಮಾನರ ಆಫೀಸು ಒಪ್ಪುತ್ತದೆಯೇ, ಜ್ವರ ಬಂದ ದಿನ ಏನು ಮಾಡುತ್ತೀರಿ ಎಂಬುದನ್ನು ಇಬ್ಬರೂ ಕೂತು ಈಗಲೇ ಮಾತಾಡಿಕೊಳ್ಳಿ. ತರಬೇತಿಯ ದಿನಗಳಲ್ಲಿ ರಜೆ ಎಂಬುದು ಇಲ್ಲವೆಂದೇ ತಿಳಿಯಿರಿ.

ಈ ವಾರ ಇಎಡಿ ಅರ್ಜಿಯ ಕಾಗದ ಹೊಂದಿಸಿ, ಆರ್‌ಡಿಎಸ್ ಅರ್ಜಿ ತುಂಬಿ. ಕಾಲೇಜಿನ ಸಲಹೆಗಾರರಿಗೆ ಒಂದು ಇಮೇಲ್ ಬರೆದು ಮೂರು ವಿಷಯ ಕೇಳಿ: ನರ್ಸಿಂಗ್ ಮತ್ತು ಲ್ಯಾಬ್ ಕೋರ್ಸುಗಳಿಗೆ ಮುಂದಿನ ಅರ್ಜಿ ಯಾವಾಗ ತೆರೆಯುತ್ತದೆ, ಕಳೆದ ಬಾರಿ ಕೊನೆಯ ಸೀಟು ಎಷ್ಟು ಅಂಕಕ್ಕೆ ಮುಗಿಯಿತು, ವಿದೇಶಿ ಅಂಕಪಟ್ಟಿಗೆ ಯಾರ ಮೌಲ್ಯಮಾಪನ ಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಬಯಾಲಜಿ 168 ಮತ್ತು ನರ್ಸ್ ಏಡ್, ಇವೆರಡು ಸಾಕು. ಆಸೆಪಟ್ಟು ನಾಲ್ಕು ವಿಷಯ ಹೇರಿಕೊಂಡು ಅನಾಟಮಿಯಲ್ಲಿ ಸಿ ತೆಗೆದುಕೊಂಡರೆ ಅಂಕಗಳ ಲೆಕ್ಕದಲ್ಲಿ ಆ ಸಿ ನಿಮ್ಮನ್ನು ವರ್ಷಗಟ್ಟಲೆ ಹಿಂದಕ್ಕೆ ಎಳೆಯುತ್ತದೆ, ಮತ್ತೆ ಅದೇ ವಿಷಯ ಓದಲು ಕೆಲವು ಕಾಲೇಜುಗಳು ಒಂದೇ ಅವಕಾಶ ಕೊಡುತ್ತವೆ.